ಒಳ್ಳೆಯ ಲಕ್ಷಣ

ಮೊನ್ನೆ ಚನ್ನಪಟ್ಟಣದ ಪೇಟೆಯಲ್ಲಿ ಹೂವಿನ ಅಂಗಡಿಯವಳು ಒಣಗಿದ ಮಾಚಿಪತ್ರೆಯನ್ನು ಕಸದ ಜೊತೆ ಸುಡುತ್ತಿದ್ದಳು. ಆ ಕಹಿ ಹೊಗೆ ಮೂಗಿಗೆ ಬಡಿದದ್ದೇ ತಡ, ಎದುರುಮನೆಯ ಅಕ್ಕ ನೆನಪಾದಳು...

ಇಪ್ಪತ್ತೈದು ವರ್ಷದ ಹಿಂದಿನ ಮಾತು. ಆಗಷ್ಟೇ ಡಿಗ್ರಿ ಮುಗಿಸಿದ್ದ ನಾನು ಬಸ್ ಸ್ಟ್ಯಾಂಡಿನ ಹತ್ತಿರ ಚೀನಾ ಪದ್ಧತಿಯ ಶಾಖ ಚಿಕಿತ್ಸೆ ಕೊಡುವ ಕಡೆ ಕೆಲಸಕ್ಕಿದ್ದೆ. ಮಾಚಿಪತ್ರೆಯ ಜಾತಿಯದೇ ಎಲೆಯನ್ನು ಬೀಡಿಯಂತೆ ದಪ್ಪಗೆ ಸುತ್ತಿ, ಹೊತ್ತಿಸಿ, ಸೊಂಟಕ್ಕೋ ಹೊಟ್ಟೆಗೋ ಕಾವು ಕೊಡುತ್ತಿದ್ದರು. ಕೆಲವರಿಗೆ ಆಮೇಲೆ ಹೊಟ್ಟೆ ಕೆಡುತ್ತಿತ್ತು. ಅಂಥವರಿಗೆ ಏನು ಹೇಳಬೇಕೆಂದು ಮಾಲೀಕರು ನನಗೆ ಬಾಯಿಪಾಠ ಮಾಡಿಸಿದ್ದರು.

ಅಕ್ಕ ಗೊಂಬೆ ಕಾರ್ಖಾನೆಯಲ್ಲಿ ಅರಗಿನ ಬಣ್ಣ ಹಚ್ಚುತ್ತಿದ್ದಳು. ನಾನು ಚಿಕ್ಕವಳಿದ್ದಾಗ ಬಣ್ಣ ಕೆಟ್ಟ ಬುಗುರಿಗಳನ್ನು ಸೆರಗಿನಲ್ಲಿ ಕಟ್ಟಿ ತಂದುಕೊಡುತ್ತಿದ್ದಳು. ಗಂಡ ತೀರಿಕೊಂಡಿದ್ದ. ಮಗಳು ಮೈಸೂರಿನ ಹಾಸ್ಟೆಲಿನಲ್ಲಿದ್ದಳು. ದಿನವೆಲ್ಲ ಕೂತು ಕೂತು ಸೊಂಟ ಹಿಡಿದುಕೊಂಡಿತ್ತು. ನಾನೇ ಬಲವಂತ ಮಾಡಿ ಕರೆದುಕೊಂಡು ಹೋದೆ.

ಮೂರನೆಯ ದಿನ ಸಂಜೆ ಮನೆಗೆ ಬಂದಳು. "ಸೊಂಟ ಒಸಿ ಹಗುರಾಗೈತೆ ಕಣವ್ವ. ಹೊಟ್ಟೆ ಮಾತ್ರ ಕಿವುಚ್ತೈತೆ. ಉಂಡಿದ್ದು ನಿಲ್ತಿಲ್ಲ."

"ಒಳಗಿರೋ ಕೆಟ್ಟದ್ದೆಲ್ಲ ಹೊರಕ್ಕೆ ಬತ್ತಾ ಐತೆ ಅಕ್ಕ. ಒಳ್ಳೇ ಲಕ್ಷಣ ಅದು," ಅಂದೆ.

ಮರುದಿನ ಅವಳಿಗೆ ಜ್ವರ. ಕಿಬ್ಬೊಟ್ಟೆಯ ಬಲಗಡೆ ಕೈಯೊತ್ತಿಕೊಂಡು ನಮ್ಮ ಬಾಗಿಲಲ್ಲಿ ನಿಂತಿದ್ದಳು. ಡಾಕ್ಟರ ಹತ್ತಿರ ಹೋಗಲೇ ಎಂದು ಕೇಳಿದಳು. ಅರ್ಧಕ್ಕೆ ಬಿಟ್ಟರೆ ಮಾಡಿದ್ದೆಲ್ಲ ವ್ಯರ್ಥ ಎಂದೆ. ಅದನ್ನು ನಾನು ನಂಬಿದ್ದೆನೇ... ಹತ್ತಾರು ಜನಕ್ಕೆ ಹೇಳಿ ಹೇಳಿ ನನಗೂ ನಿಜವೆನಿಸಿಬಿಟ್ಟಿತ್ತು.

"ನೀನು ಓದಿರೋಳು. ನೀ ಹೇಳ್ದಂಗೇ ಆಗ್ಲಿ," ಅಂದು ಹೋದಳು.

ಎರಡು ದಿನದ ಮೇಲೆ ಕಾರ್ಖಾನೆಯ ಹೆಂಗಸರು ಅವಳನ್ನು ಆಟೋದಲ್ಲಿ ಆಸ್ಪತ್ರೆಗೆ ಸಾಗಿಸಿದರು. ಅಪೆಂಡಿಕ್ಸ್ ಒಡೆದು ಹೊಟ್ಟೆಯೊಳಗೆಲ್ಲ ಕೀವು ತುಂಬಿತ್ತು. ಆಪರೇಷನ್ ಆದ ಮೂರನೆಯ ದಿನ ಅಕ್ಕ ಹೋದಳು. ಎರಡು ದಿನ ಮುಂಚೆ ಬಂದಿದ್ದರೆ ಉಳಿಯುತ್ತಿದ್ದರು ಎಂದರಂತೆ ಡಾಕ್ಟರು. ನಾನು ಮಾರನೇ ದಿನವೇ ಕೆಲಸ ಬಿಟ್ಟೆ. ಯಾಕೆಂದು ಯಾರೂ ಕೇಳಲಿಲ್ಲ. ಮಾಲೀಕರು ಕೆಲವೇ ತಿಂಗಳಲ್ಲಿ ಕನಕಪುರದಲ್ಲಿ ಬೇರೆ ಬೋರ್ಡು ಹಾಕಿದರೆಂದು ಕೇಳಿದೆ.

ಮೊನ್ನೆ ಆ ಹೊಗೆ ಮೂಗಿಗೆ ಬಡಿದ ದಿನವೇ, ಬಿಡದಿಗೆ ಹೋಗುವ ರೈಲಿನಲ್ಲಿ ಅಕ್ಕನ ಮಗಳು ಸಿಕ್ಕಳು. ಈಗ ಅಲ್ಲೇ ಶಾಲೆಯೊಂದರಲ್ಲಿ ಟೀಚರು. ಸರಿದು ಜಾಗ ಕೊಟ್ಟಳು. ನಡುವಯಸ್ಸಿಗೆ ಬಂದ ಆ ಮುಖ ಥೇಟು ಅವರಮ್ಮನದೇ. ಏನೇನೋ ಮಾತಾಡಿ, ರಾಮನಗರ ದಾಟಿದ ಮೇಲೆ ಮೆಲ್ಲಗೆ ಕೇಳಿದಳು.

"ಅಕ್ಕ, ಅಷ್ಟು ನೋವಿದ್ರೂ ಅಮ್ಮ ಯಾರಿಗೂ ಹೇಳ್ಲಿಲ್ವಲ್ಲ. ನಿಮ್ ಹತ್ರ ಏನಾದ್ರೂ ಅಂದಿದ್ರಾ?"

"ಇಲ್ಲ," ಅಂದೆ.