ಬಿಸಿಲಿಗೆ ಹೋದ ಸೌತೆಕಾಯಿ ಜಾಡಿ

ಗರ್ರ್... ಗರ್ರ್... ಬೇಸಿಗೆಯಲ್ಲಿ ಮಧುಗಿರಿಯ ನಮ್ಮ ಮನೆಯಲ್ಲಿ ನನ್ನನ್ನು ಎಬ್ಬಿಸುತ್ತಿದ್ದದ್ದು ಈ ಸದ್ದು. ಮಾಳಿಗೆಯ ಮೇಲೆ ಅಜ್ಜಿ ಉಪ್ಪಿನಕಾಯಿ ಜಾಡಿಗಳನ್ನು ಒಂದೊಂದಾಗಿ ಬಿಸಿಲಿಗೆ ಎಳೆಯುತ್ತಿದ್ದರು. ಮಾವು, ನಿಂಬೆ, ಹೇರಳೆ, ಯಾವುದೇ ಆಗಲಿ, ಬಿಸಿಲು ಕಾಣದ ಜಾಡಿ ಆ ಮನೆಯಲ್ಲಿ ಇರಲಿಲ್ಲ. ಬಂಡೆಬೆಟ್ಟದ ಬುಡದ ಊರು. ಹತ್ತು ಗಂಟೆಗೆಲ್ಲ ಮಾಳಿಗೆಯ ಮೇಲೆ ಬರಿಗಾಲು ಇಡುವಂತಿರಲಿಲ್ಲ.

ಎರಡನೇ ಮಹಾಯುದ್ಧದ ಕಾಲ. ಬೆಂಗಳೂರಿನ ಕಾನ್ವೆಂಟ್ ಬೋರ್ಡಿಂಗ್‌ನಿಂದ ಸಮ್ಮರ್ ಹಾಲಿಡೇಸ್‌ಗೆ ಬಂದಿದ್ದೆ. ನನಗೆ ಹದಿನಾಲ್ಕು. ಅಜ್ಜಿ ಆಗಲೇ ಪಾವಗಡದ ಕಡೆಯ ಒಂದು ಸಂಬಂಧ ನೋಡಿಟ್ಟಿದ್ದರು.

"ಓದಿದ್ದು ಸಾಕು ಕಣಪ್ಪಾ," ಎಂದರು ಅಪ್ಪನಿಗೆ. "ನಾಕು ವರ್ಸ ಆಯ್ತು, ಒಂದು ಉಪ್ಪಿನಕಾಯಿ ಹಾಕಾಕೆ ಬರಾಕಿಲ್ಲ ಇವಳ್ಗೆ. ಗಂಡನ ಮನೇಲಿ ತಟ್ಟೆಗೆ ಇಂಗ್ಲೀಸ್ ಬಡಿಸ್ತಾಳಾ?"

"ನಂಗೆ ಬರತ್ತೆ!" ಎಂದುಬಿಟ್ಟೆ. ಡೊಮೆಸ್ಟಿಕ್ ಸೈನ್ಸ್ ಕ್ಲಾಸಿನಲ್ಲಿ, ಯಾವುದೋ ಚಳಿ ದೇಶದಿಂದ ಬಂದಿದ್ದ ಸಿಸ್ಟರ್ ಗಾರ್ಲಿಕ್ ಡಿಲ್ ಪಿಕಲ್ ಹೇಳಿಕೊಟ್ಟಿದ್ದರು.

ಅಪ್ಪ ನಕ್ಕರು. "ಸರಿ, ಹಾಕಿ ತೋರ್ಸು. ಚೆನ್ನಾಗಿ ಬಂದ್ರೆ ವಾಪಸ್ ಸ್ಕೂಲಿಗೆ. ಕೆಟ್ರೆ ನಿಮ್ಮಜ್ಜಿ ಹೇಳ್ದಂಗೆ." ಅವರಿಗದು ತಮಾಷೆ. ನನಗಲ್ಲ, ಅಜ್ಜಿಗೂ ಅಲ್ಲ.

ಸಂತೆಯಿಂದ ಎಳೆ ಸೌತೆಕಾಯಿ ತರಿಸಿದೆ. ಡಿಲ್ ಎಂದರೆ ನಮ್ಮ ಸಬ್ಬಸಿಗೆ ಸೊಪ್ಪೇ. ಅದರ ಕಟ್ಟು, ಪಕ್ಕದಲ್ಲಿ ಸುಲಿದ ಬೆಳ್ಳುಳ್ಳಿಯ ರಾಶಿ ನೋಡಿ ಅಜ್ಜಿ ಸೊಂಟದ ಮೇಲೆ ಕೈಯಿಟ್ಟರು.

"ಇದೇನವ್ವಾ, ಬೆಳ್ಳುಳ್ಳಿ, ಸಬ್ಸಿಗೆ... ನಮ್ಮನೇಲಿ ಯಾರ ಬಾಣಂತನ ಐತೆ? ನಿಮ್ಮ ಸಿಸ್ಟ್ರುದಾ?"

"ಅಜ್ಜೀ, ಡೋಂಟ್ ಬಿ ಸಿಲ್ಲಿ!"

"ಬೈಯ್ತಾಳೆ ನೋಡು, ನಂಗೆ ತಿಳಿಯಾಕಿಲ್ಲ ಅಂದ್ಕಂಡು!"

ಕಾಯಿಸಿ ಆರಿಸಿದ ಉಪ್ಪುನೀರಿನಲ್ಲಿ ಸೌತೆಕಾಯಿ ಮುಳುಗಿಸಿ, ತೇಲದಂತೆ ಮೇಲೊಂದು ತೊಳೆದ ಕಲ್ಲಿಟ್ಟು, ಜಾಡಿಯನ್ನು ಅಡುಗೆಮನೆಯ ತಣ್ಣನೆಯ ಮೂಲೆಗೆ ಸೇರಿಸಿದೆ. ಏಳು ದಿನ ನೆರಳಲ್ಲೇ ಇರಬೇಕೆಂದು ಸಿಸ್ಟರ್ ಹೇಳಿದ್ದರು. ಅದನ್ನು ಅಜ್ಜಿಗೆ ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ನಾಲ್ಕನೆಯ ದಿನ ಕೊರಟಗೆರೆಯ ಅತ್ತೆಯ ಮನೆಯಲ್ಲಿ ನಾಮಕರಣ. ಹೋದವಳು ಮೂರು ದಿನ ಅಲ್ಲೇ ಉಳಿದೆ.

ವಾಪಸ್ ಬಂದಾಗ ಮೂಲೆ ಖಾಲಿ. ಮಾಳಿಗೆಗೆ ಓಡಿದೆ. ನನ್ನ ಜಾಡಿ ಮಾವಿನಕಾಯಿ ಜಾಡಿಗಳ ನಡುವೆ, ಕಟ್ಟಿದ ಬಟ್ಟೆಯೇ ಸುಡುವಂತೆ ಕಾದು ಕೂತಿತ್ತು. ಬಿಚ್ಚಿದರೆ ಗಬ್ಬು ವಾಸನೆ.

"ಯಾಕಜ್ಜಿ ಇಲ್ಲಿಟ್ರಿ? ಇದಕ್ಕೆ ಬಿಸಿಲು ತಾಕಬಾರದು!"

"ಬಿಸ್ಲು ತೋರಿಸ್ದೆ ಯಾವ ಉಪ್ಪಿನಕಾಯಿ ಉಳೀತೈತೆ?" ಅಜ್ಜಿಗೆ ಗಾಬರಿ. "ಒಳಗೆ ಬುರುಬುರು ಅಂತಿತ್ತು ಕಣವ್ವಾ. ನೀನು ಬರೋ ಹೊತ್ಗೆ ಕೆಟ್ಟೋಗ್ಬುಟ್ಟಾತು ಅಂತ ದಿನಾ ನಾನೇ ಹೊತ್ಕಂಡು ಬಂದು ಇಕ್ದೆ."

ಆ ಬುರುಬುರು ಉಪ್ಪಿನಕಾಯಿ ಹುಳಿಬರುವ ಸದ್ದು, ಒಳ್ಳೆಯ ಲಕ್ಷಣ. ಕೆಟ್ಟರೆ ಗೆಲ್ಲುವವರು ಅವರು. ಆದರೂ ಕೆಡದಿರಲೆಂದು ತಮ್ಮ ಮಂಡಿನೋವಿನಲ್ಲೂ ಮೆಟ್ಟಿಲು ಹತ್ತಿದ್ದರು.

ಊಟಕ್ಕೆ ಕೂತಾಗ ಅಪ್ಪ ಜಾಡಿಯಿಂದ ಒಂದು ಸೌತೆಕಾಯಿ ಎತ್ತಿದರು. ಅದು ಬೆರಳಲ್ಲೇ ಕರಗಿ ತಟ್ಟೆಗೆ ಬಿತ್ತು.

"ಏನಮ್ಮಾ, ಸಿಸ್ಟರ್ ಕಲಿಸಿದ್ದು ಇದೇನಾ?"

ಬಡಿಸುತ್ತಿದ್ದ ಅಜ್ಜಿಯ ಸೌಟು ನಿಂತಿತು.

"ಅವಳ್ದೇನೂ ತಪ್ಪಿಲ್ಲ ಕಣಪ್ಪಾ. ನೆಳ್ಳಲ್ಲಿ ಇಕ್ಕಿದ್ಲು. ಬಿಸ್ಲಿಗೆ ಇಕ್ಕಿ ಕೆಡಿಸ್ದೋಳು ನಾನು. ಮಗೀನ ಇಸ್ಕೂಲಿಗೆ ಕಳಿಸ್ಬುಡು."

"ಮತ್ತೆ ಆ ಸಂಬಂಧ?"

"ಅವ್ರಿಗೆ ನಾನು ಹೇಳ್ಕಂತೀನಿ. ನೀನು ಉಣ್ಣು."

ಆ ಮನೆಯಲ್ಲಿ ಅಜ್ಜಿ ತಪ್ಪೊಪ್ಪಿಕೊಂಡದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಜೂನ್‌ನಲ್ಲಿ ನನ್ನನ್ನು ಬಸ್ಸಿಗೆ ಬಿಡಲು ಅವರೇ ಬಂದರು. ಪೆಟ್ರೋಲ್ ಇಲ್ಲದ ಕಾಲ, ಇದ್ದಿಲಿನ ಬಸ್ಸು. ಅದರ ಒಲೆ ಹೊತ್ತಿಕೊಂಡು ಹೊರಡಲು ಅರ್ಧ ಗಂಟೆ ಬೇಕು. ನಾನು ಸೀಟಿನಲ್ಲಿ ಕೂತಿದ್ದೆ. ಅಜ್ಜಿ ಕಿಟಕಿಯ ಕೆಳಗೆ ನಿಂತು, ಸುತ್ತ ಯಾರಾದರೂ ಕೇಳಿಸಿಕೊಳ್ಳುತ್ತಾರೇನೋ ಎಂದು ನೋಡಿ, ಮೆಲ್ಲಗೆ ಕೇಳಿದರು:

"ಲೇ, ಸೇರು ನೀರಿಗೆ ಎಷ್ಟು ಉಪ್ಪು ಅಂದೆ?"

ಹೇಳಿದೆ.

"ಸಬ್ಸಿಗೆ ಹೂವಿನ ಸಮೇತವಾ?"

"ಹೂಂ, ಹೂವಿನ ಸಮೇತ."

"ಬುರುಬುರು ಅಂದ್ರೂ ಮುಟ್ಬಾರ್ದು?"

"ಮುಟ್ಬಾರ್ದು ಅಜ್ಜಿ. ಪ್ರಾಮಿಸ್?"

"ಆಯ್ತು, ಪರಾಮಿಸ್ಸು."

ದಸರಾ ರಜೆಗೆ ನಾನು ಊರಿಗೆ ಬರುವಷ್ಟರಲ್ಲಿ ಅಜ್ಜಿ ಇರಲಿಲ್ಲ. ಬಸ್ಸು ಹೊಗೆ ಉಗುಳಿ ಹೊರಟಾಗ ತಿರುಗಿ ನೋಡಿದ್ದೇ ಕೊನೆ. ಅವರು ಕೈ ಬೀಸಲಿಲ್ಲ. ರಸ್ತೆಯಂಚಿನಲ್ಲಿ ನಿಂತು, ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತ, ಒಂದೊಂದೇ ಬೆರಳು ಮಡಚುತ್ತಿದ್ದರು.