ತುದಿಮನೆ ಅಕ್ಕನ ರೇಲಿಂಗ್

ದಾದರ್ ಸ್ಟೇಶನ್ನಿನ ಹೊರಗೆ ಆಟದ ಸಾಮಾನಿನ ಅಂಗಡಿಯೊಂದಿದೆ. ಕಳೆದ ವಾರ ತರಕಾರಿ ಕೊಂಡು ಅದರ ಮುಂದೆ ಹಾಯುವಾಗ ಅಂಗಡಿಯವನು ಹೊಸ ಬ್ಯಾಟಿಗೆ ಎಣ್ಣೆ ಉಜ್ಜುತ್ತಿದ್ದ. ಅಗಸೆ ಎಣ್ಣೆ. ದಾರಿಯಲ್ಲಿ ಸುಮ್ಮನೆ ನಿಲ್ಲುವ ಅಭ್ಯಾಸ ನನಗಿಲ್ಲ, ಅಂದು ನಿಂತೆ. ಆ ವಾಸನೆಯಲ್ಲಿ ಪರೇಲಿನ ನಮ್ಮ ಹಳೆಯ ಚಾಳು ಇತ್ತು, ಅದರ ಸಾಲುಮನೆಗಳ ಮುಂದಿನ ಮರದ ಗ್ಯಾಲರಿ ಇತ್ತು, ತುದಿಮನೆಯ ಅಕ್ಕ ಇದ್ದಳು...

ಅಕ್ಕ ವಿಜಯಪುರದ ಕಡೆಯವಳು. ಗಂಡ ಮಿಲ್ಲಿನ ಕೆಲಸಗಾರ. ಮಿಲ್ಲು ಮುಚ್ಚಿದ ಮೇಲೆ ಹೆಚ್ಚು ದಿನ ಉಳಿಯಲಿಲ್ಲ. ಆಕೆ ಜೋಳದ ರೊಟ್ಟಿ ಬಡಿದು ಮಾರಿ ಒಂಟಿಯಾಗಿ ಬದುಕಿದಳು. ಪಕ್ಕದ ಖೋಲಿ ನನ್ನದು. ನಾನು ಆಗ ಆಸ್ಪತ್ರೆಯಲ್ಲಿ ನರ್ಸ್. ಬೆಳಿಗ್ಗೆ ನಾನು ಡ್ಯೂಟಿಗೆ ಹೊರಡುವಾಗ ಆಕೆ ಹಗ್ಗ ಕಟ್ಟಿದ ಬುಟ್ಟಿಯನ್ನು ಕೆಳಗೆ ತರಕಾರಿ ಮಾರುವ ಭಾಜಿಯವನಿಗೆ ಇಳಿಬಿಡುತ್ತಿದ್ದಳು. ವರ್ಷಗಟ್ಟಲೆ ಒಂದೇ ಜಾಗದಲ್ಲಿ ಹಗ್ಗ ಉಜ್ಜಿ ರೇಲಿಂಗಿನ ಸಾಗುವಾನಿಯಲ್ಲಿ ಬೆರಳು ಕೂರುವಷ್ಟು ಗೀರು ಬಿದ್ದಿತ್ತು.

ಚಾಳಿನಲ್ಲಿ ಒಂದು ರೂಢಿಯಿತ್ತು. ಜೂನ್ ಮೊದಲಿಗೆ ಬರುವ ಮಿರಗದ ಮಳೆಗೆ ಮುಂಚಿನ ಭಾನುವಾರ ಪ್ರತಿ ಮನೆಯವರೂ ತಮ್ಮ ಬಾಗಿಲ ಮುಂದಿನ ರೇಲಿಂಗಿಗೆ ಅಗಸೆ ಎಣ್ಣೆ ಹಚ್ಚಬೇಕು. ಹೇಳುವವರಿಲ್ಲ, ಕೇಳುವವರಿಲ್ಲ; ಎಲ್ಲರೂ ಹಚ್ಚುತ್ತಿದ್ದರು. ಮಳೆಗಾಲವಿಡೀ ಮರದ ಮೇಲೆ ನೀರು ಮಣಿಯಾಗಿ ಉರುಳಿ ಹೋಗುತ್ತಿತ್ತು.

ಆಮೇಲೆ ಬಿಲ್ಡರ್ ಬಂದ. ಹಳೆಯದನ್ನು ಕೆಡವಿ ಟವರ್ ಕಟ್ಟುತ್ತೇನೆ, ಎಲ್ಲರಿಗೂ ಫ್ಲ್ಯಾಟು ಅಂದ. ಅದೇ ಹೊತ್ತಿಗೆ ಆರ್ಕಿಟೆಕ್ಚರ್ ಓದಿದ ಕೆಲವು ಹುಡುಗಿಯರೂ ಬಂದರು. ಇಂಥ ಚಾಳುಗಳು ಇನ್ನು ಎಷ್ಟು ಉಳಿದಿವೆ, ಇದನ್ನು ಉಳಿಸೋಣ ಅಂದರು. ಗೋಡೆ ಅಳೆದರು, ಫೋಟೋ ತೆಗೆದರು, ಅಕ್ಕನ ರೊಟ್ಟಿ ತಿಂದರು. ಅವರ ಜೊತೆ ಗಟ್ಟಿಯಾಗಿ ನಿಂತವಳು ಅಕ್ಕ. ಕಷ್ಟ ಆಕೆಗೆ ಗೊತ್ತಿರಲಿಲ್ಲವೆಂದಲ್ಲ. ಸಾರ್ವಜನಿಕ ಸಂಡಾಸಿನ ಸಾಲಿನಲ್ಲಿ ಮಂಡಿ ಹಿಡಿದು ನಿಲ್ಲುತ್ತಿದ್ದವಳೇ ಆಕೆ.

"ಸಂಡಾಸ ಒಳಗ ಕಟ್ಟಸ್ರಿ, ಬ್ಯಾಡ ಅಂದವ್ರ ಯಾರು? ಹಲ್ಲು ನೋವಂತ ತಲೀನ ಕಡಸ್ತಾರೇನು?" ಎಂದು ಸಭೆಯಲ್ಲೇ ಕೇಳಿದಳು. ಜನ ನಕ್ಕರು. ನಕ್ಕು ಬಿಲ್ಡರನ ಕಡೆಗೇ ಹೋದರು.

ಸರಕಾರಿ ಎಂಜಿನಿಯರ್ ಬಂದು ನೋಡಬೇಕಿತ್ತು. ರಿಪೇರಿ ಮಾಡಬಹುದು ಎಂದರೆ ಚಾಳು ಉಳಿಯುತ್ತದೆ, ಅಪಾಯಕಾರಿ ಎಂದರೆ ಬೀಳುತ್ತದೆ. ಆ ವರ್ಷ ಮಿರಗದ ಭಾನುವಾರ ಗ್ಯಾಲರಿಯಲ್ಲಿ ಎಣ್ಣೆಯ ವಾಸನೆ ಬಂದದ್ದು ತುದಿಯಲ್ಲಿ ಮಾತ್ರ. ನಾನು ನನ್ನ ಪಾಲಿನದನ್ನು ಮುಗಿಸಿ ಕೈ ತೊಳೆಯುತ್ತಿದ್ದೆ. ಅಕ್ಕ ಉಳಿದವರ ರೇಲಿಂಗಿಗೂ ಬಟ್ಟೆ ಅದ್ದಿಕೊಂಡು ಹೊರಟಳು. ನಮ್ಮ ಚಾಳಿನ ಸಂಘದ ಸೆಕ್ರೆಟರಿ, ಮಂಗಳೂರು ಕಡೆಯವರು, ಅಡ್ಡ ನಿಂತರು.

"ಎಂಥ ಮಾಡುದು ಅಕ್ಕ ನೀವು? ನಮ್ಮ ಮಕ್ಕಳು ಇಲ್ಲೇ ಸಾಯ್ಬೇಕಾ?"

"ತಮ್ಮಾ, ನಿನ್ನ ಫ್ಲ್ಯಾಟ್ ಇನ್ನಾ ಮುಗಲಾಗ ಐತಿ. ಇವತ್ತ ನಿನ್ನ ಮಕ್ಕಳು ಆತ್ಕೊಂಡು ನಿಂದ್ರೂದು ಇದಕ್ಕ."

ಅವರು ಆಕೆಯ ಕೈಯಿಂದ ಬಟ್ಟೆ ಕಿತ್ತುಕೊಂಡರು. ಬಾಗಿಲಲ್ಲಿ ನಿಂತವರು ಒಬ್ಬೊಬ್ಬರಾಗಿ ಒಳಗೆ ಹೋದರು. ಮುಂದಿನ ವರ್ಷವೂ ಹಾಗೇ ಆಯಿತು. ಒಡೆದ ಪೈಪಿನ ನೀರು ಮೆಟ್ಟಿಲ ಪಕ್ಕದ ಮರದ ಮೇಲೆ ದಿನವಿಡೀ ಸುರಿಯುತ್ತಿತ್ತು. ಪ್ಲಂಬರನನ್ನು ಕರೆಯಬೇಡಿ ಎಂದು ಸೆಕ್ರೆಟರಿ ಮನೆಮನೆಗೆ ಹೋಗಿ ಹೇಳಿದ್ದರು. ಇರುವ ಮನೆಯನ್ನು ಕೈಯಾರೆ ಕೊಳೆಯಿಸುವುದಕ್ಕೂ ಒಂದು ಶಿಸ್ತು ಬೇಕು. ಆ ಶಿಸ್ತನ್ನು ನಮ್ಮವರು ಚೆನ್ನಾಗಿ ಪಾಲಿಸಿದರು.

ಎಂಜಿನಿಯರ್ ಬಂದರು. ಮೆಟ್ಟಿಲ ಬಳಿಯ ರೇಲಿಂಗ್ ಹಿಡಿದರು. ಒಂದು ತುಂಡು ಕೈಗೇ ಬಂತು. ಅಪಾಯಕಾರಿ ಎಂದು ಬರೆದುಕೊಂಡು ಅಲ್ಲಿಂದಲೇ ತಿರುಗಿದರು. ತುದಿಯಲ್ಲಿ ಅಕ್ಕ ತನ್ನ ರೇಲಿಂಗನ್ನು ಎರಡೂ ಕೈಯಿಂದ ಅಲುಗಿಸುತ್ತ ಕೂಗುತ್ತಿದ್ದಳು: "ಸಾಹೇಬ, ಇಧರ್ ಭೀ ದೇಖೋ! ಇಲ್ಲಿ ತನಕಾ ಬರ್ರೀ ಒಮ್ಮೆ!" ಅವರು ಬರಲಿಲ್ಲ. ಆ ಹುಡುಗಿಯರು ಹೊಸ ಅರ್ಜಿ ಹಾಕುತ್ತೇವೆ ಅಂದರು. ನಂತರ ಅವರ ಫೋನೂ ಬರಲಿಲ್ಲ. ಅವರು ತೆಗೆದ ಫೋಟೋಗಳ ಪ್ರದರ್ಶನ ನಡೆಯಿತಂತೆ...

ಟವರ್ ಏಳುವ ತನಕ ನಮ್ಮನ್ನೆಲ್ಲ ಮಲಾಡಿನ ಬಾಡಿಗೆ ಖೋಲಿಗಳಿಗೆ ಕಳಿಸಿದರು. ಅಕ್ಕನಿಗೆ ಸಿಕ್ಕಿದ್ದು ಕಿಟಕಿ ಗೋಡೆಗೆ ತೆರೆಯುವ ಮನೆ. ನಾನು ಭಾನುವಾರ ಹೋಗುತ್ತಿದ್ದೆ. ಬುಟ್ಟಿಯಲ್ಲಿ ಉಳ್ಳಾಗಡ್ಡಿ ತುಂಬಿ ಮೂಲೆಗೆ ಇಟ್ಟಿದ್ದಳು. "ಇಲ್ಲಿ ಯಾರೂ ಬಾಗಲಾ ತಗ್ಯಾಂಗಿಲ್ಲ ನೋಡ ಸಿಸ್ಟರ್," ಅಂದಿದ್ದಳು. ಟವರಿನ ಗೋಡೆಗೆ ಬಣ್ಣ ಬೀಳುವ ಮೊದಲೇ ಆಕೆ ಹೋದಳು.

ನಾನೀಗ ಆ ಟವರಿನಲ್ಲಿದ್ದೇನೆ. ಲಿಫ್ಟಿದೆ, ಸಂಡಾಸು ಒಳಗೇ ಇದೆ. ನನ್ನ ಎದುರು ಫ್ಲ್ಯಾಟಿನವರ ಮುಖ ಸರಿಯಾಗಿ ನೋಡಿಲ್ಲ. ಕೆಳಗೆ ಲಾಬಿಯ ಗೋಡೆಯಲ್ಲಿ, ದೀಪದ ಕೆಳಗೆ, ಹಳೆಯ ರೇಲಿಂಗಿನ ಒಂದು ತುಂಡನ್ನು ಮೊಳೆ ಹೊಡೆದು ನಿಲ್ಲಿಸಿದ್ದಾರೆ. ಮೇಲೆ ಹೊಳೆಯುವ ವಾರ್ನಿಶ್. ಸೆಕ್ರೆಟರಿ ಈಗಲೂ ಅವರೇ. ನೆಂಟರು ಬಂದರೆ ಅದರ ಮುಂದೆ ನಿಲ್ಲಿಸಿ, "ನಮ್ಮ ಹಳೇದನ್ನು ನಾವು ಬಿಡ್ಲಿಲ್ಲ ನೋಡಿ" ಅನ್ನುತ್ತಾರೆ.

ಕೊಳೆಯದೆ ಉಳಿದ ತುಂಡನ್ನೇ ಆರಿಸಿದ್ದಾರೆ. ಅವರಿಗೆ ಬೇರೆ ದಾರಿಯಿರಲಿಲ್ಲ. ಅದರ ನಡುವೆ ಹಗ್ಗ ಉಜ್ಜಿದ ಗೀರಿದೆ.

ದಾದರಿನಿಂದ ಮರಳಿದ ಆ ದಿನ ತರಕಾರಿ ಚೀಲ ಕೆಳಗಿಟ್ಟು ಆ ತುಂಡನ್ನು ಮೂಸಿ ನೋಡಿದೆ. ಏನೂ ವಾಸನೆಯಿಲ್ಲ. ಗೀರಿಗೆ ಬೆರಳಿಟ್ಟೆ.

"ಆಂಟೀಜಿ, ಹಾಥ್ ಮತ್ ಲಗಾಓ," ಮುಟ್ಟದಂತೆ ಕೈ ಅಡ್ಡ ಹಿಡಿದು ಅಂದ ವಾಚ್‌ಮನ್. "ಪುರಾನೀ ಚೀಜ್ ಹೈ."