ಎಲ್ಲಾರ ತಾಟಿಗೂ ರೊಟ್ಟಿ ಬೀಳೋತನಕ

ಹೋದ ವಾರ ನನ್ನ ದವಡಿ ಹಲ್ಲು ಜೀವಾ ತಿಂದು ಹಾಕ್ತು. ನಮ್ಮವ್ವ ಫೋನಿನ್ಯಾಗ, "ಹತ್ತಿಗೆ ಲವಂಗದ ಎಣ್ಣಿ ಹಚ್ಚಿ ಹಲ್ಲಿನ್ಯಾಗ ಇಟ್ಕೊ, ಆಮ್ಯಾಲ ಬಾಯಿ ಮುಚ್ಚಿಕೊಂಡು ಕುಂದ್ರು" ಅಂದ್ಲು. ಬಾಯಿ ಮುಚ್ಚಿಕೊಂಡು ಕುಂದ್ರೂದು ನನ್ನ ಕೈಲಿ ಆಗೂದಲ್ಲ, ಅದು ಆಕಿಗೂ ಗೊತ್ತು. ಎಣ್ಣಿ ಅಷ್ಟ ಹಚ್ಚಿಕೊಂಡೆ. ಕಂಪ್ಯೂಟರ್ ಮುಂದ ಹೋಗಿ ಕುಂತೆ ನೋಡ್ರಿ, ಲವಂಗದ ಆ ಘಾಟು ವಾಸನಿ ಮೂಗಿಗೆ ಬಡೀತು... ಹಲ್ಲಿನ ನೋವು ಎಲ್ಲಿ ಹೋತೋ ಏನೋ. ಚಾಚಾ ಬಂದು ಬಾಜೂಕ ಕುಂತಂಗಾತು.

ಚಾಚಾ ಅಂದ್ರ ನಮ್ಮ ಬಳಗದವರಲ್ಲ. ನಾವು ನಂದಗಡದ ಲಿಂಗಾಯತರು, ಅವರು ಬೆಳಗಾವಿ ಕ್ಯಾಂಪಿನ ಮುಸಲ್ಮಾನರು. ನನಗ ವೆಬ್‌ಸೈಟ್ ಮಾಡೋ ಕೆಲಸ ಕಲಿಸಿದವರು. ಕ್ಯಾಂಪಿನ್ಯಾಗ ಒಂದು ಹಳೇ ಬಂಗ್ಲೆ ಹಿಂದ ಎರಡು ಖೋಲಿ ಇದ್ದವು, ಒಂದು ಕಾಲಕ್ಕ ಅಲ್ಲಿ ಕುದುರಿ ಕಟ್ಟತಿದ್ರಂತ. ಅದೇ ಅವರ ಆಫೀಸು. ನಾನು ಕೆಲಸಕ್ಕ ಸೇರೋ ಹೊತ್ತಿಗೆ ಅವರ ಗಡ್ಡಾ ಅರ್ಧಾ ಬೆಳ್ಳಗಾಗಿತ್ತು. ಸಿಗರೇಟ್ ಬಿಟ್ಟಿದ್ರು, ಬಾಯಿಗೆ ಏನರ ಬೇಕಲ್ಲ, ಅದಕ್ಕ ಲವಂಗ. ಕೀಬೋರ್ಡಿನ ಬಾಜೂಕ ಒಂದು ಸಣ್ಣ ಸ್ಟೀಲಿನ ಡಬ್ಬಿ ಸದಾ ಇರ್ತಿತ್ತು. ಮಾಡಿದ ಕೆಲಸ ಸರಿ ಓಡಿದ್ರ ಒಂದು ಲವಂಗ, ಓಡದಿದ್ರ ಎರಡು.

ಅವರ ನಾಲಿಗಿ ನೋಡಿ ನಾನು ಹೊಟ್ಟಿಕಿಚ್ಚು ಪಡ್ತಿದ್ದೆ. ನನ್ನ ಜೋಡಿ ಕನ್ನಡ, ಗಿರಾಕಿ ಜೋಡಿ ಮರಾಠಿ, ಕಂಪ್ಯೂಟರ್ ಜೋಡಿ ಇಂಗ್ಲಿಷ್, ಮನಿಯೊಳಗ ದಖನಿ. ದಖನಿ ಅಂದ್ರ ನಮ್ಮ ಕಡೆ ಮುಸಲ್ಮಾನರು ಮನ್ಯಾಗ ಆಡೋ ಉರ್ದು. ಪುಸ್ತಕದ ಉರ್ದುಗೂ ಇದಕ್ಕೂ ಭಾಳ ಫರಕ್ ಐತಿ. ಸಿಟ್ಟು ಬಂತಂದ್ರ ಚಾಚಾ ಕಂಪ್ಯೂಟರಿಗೂ ದಖನಿಯೊಳಗ ಬೈತಿದ್ರು. ಖರೇ ಹೇಳ್ತೇನಿ, ಕಂಪ್ಯೂಟರ್ ಆ ಭಾಷಾಕ್ಕ ಜಲ್ದಿ ಬಗ್ಗತಿತ್ತು.

ಖಾನಾಪುರದ ಒಂದು ಖಾಸಗಿ ಹೆರಿಗಿ ದವಾಖಾನಿಯಿಂದ ನಮಗೊಂದು ಕೆಲಸ ಬಂತು. ಅಲ್ಲಿ ಹೆಣ್ಣು ಡಾಕ್ಟರೊಬ್ಬರು, ಡಾಕ್ಟರ್ ಬಾಯಾರು ಅಂತಿದ್ವಿ, ಅವರಿಗೆ ಒಂದು ಕನಸಿತ್ತು. ಹಳ್ಳಿ ಬಸುರಿ ಹೆಣ್ಣುಮಕ್ಕಳು ಮೊಬೈಲಿನ್ಯಾಗ ಒಂದು ಪೇಜ್ ತೆರೆದ್ರ ಸಾಕು, ಯಾವ ತಿಂಗಳಾಗ ಏನು ಮಾಡಬೇಕು, ಯಾವ ಲಕ್ಷಣ ಕಂಡ್ರ ದವಾಖಾನಿಗೆ ಓಡಿ ಬರಬೇಕು, ಎಲ್ಲಾ ಅವರವರ ಮಾತಿನ್ಯಾಗ ಸಿಗಬೇಕು. ಕನ್ನಡ, ಮರಾಠಿ, ಉರ್ದು. ಖಾನಾಪುರದಾಗ ಒಂದು ಓಣಿಯೊಳಗ ಮೂರೂ ಕೇಳ್ತಾವು.

ವೆಬ್‌ಸೈಟ್ ಕಟ್ಟಾಕ ನಾವು ಬಳಸೋ ತಯಾರ್ ಚೌಕಟ್ಟು, ಪಿಎಚ್‌ಪಿ ಫ್ರೇಮ್‌ವರ್ಕು ಅಂತಾರ, ಅದರಾಗ ಮೂರು ಭಾಷಾ ಇಡೂದೇನು ದೊಡ್ಡ ವಿದ್ಯಾ ಅಲ್ಲ. ಒಂದೊಂದು ಭಾಷಾಕ್ಕ ಒಂದೊಂದು ಫೋಲ್ಡರ್. ಪ್ರತಿ ಸಾಲಿಗೊಂದು ಹೆಸರು. ಓದಾಕಿ ಕನ್ನಡ ಅಂತ ಒತ್ತಿದ್ರ ಆ ಹೆಸರಿನ ಸಾಲು ಕನ್ನಡದ ಫೋಲ್ಡರಿನಿಂದ ಬರ್ತೈತಿ, ಮರಾಠಿ ಅಂತ ಒತ್ತಿದ್ರ ಮರಾಠಿದರಿಂದ. ಯಾವುದೋ ಒಂದು ಭಾಷಾದಾಗ ಆ ಸಾಲು ಇನ್ನೂ ಬರೆದಿಲ್ಲಂದ್ರ? ಫ್ರೇಮ್‌ವರ್ಕು ಸುಮ್ಮನ ಇಂಗ್ಲಿಷ್ ಸಾಲು ತಂದು ಆ ಜಾಗಾದಾಗ ಕುಂದ್ರಿಸಿ ಕೈ ತೊಳಕೊಂತೈತಿ. ಇದಕ್ಕ ಫಾಲ್‌ಬ್ಯಾಕ್ ಅಂತಾರ. ಎಲ್ಲಾರೂ ಖುಷಿಲೆ ಇಟ್ಟುಕೊಳ್ಳೋ ಸವಲತ್ತು. ಚಾಚಾ ಅದನ್ನ ಕಿತ್ತು ಒಗದ್ರು. ಅಷ್ಟಕ್ಕ ಬಿಟ್ಟರೇನು? ಮೂರು ಭಾಷಾದಾಗ ಯಾವುದಾದ್ರೂ ಒಂದರಾಗ ಒಂದು ಸಾಲು ಕಡಿಮಿ ಇದ್ರೂ ಆ ಪೇಜ್ ಯಾವ ಭಾಷಾದಾಗೂ ತೆರೀಬಾರದು, ಹಂಗ ಮಾಡಿಟ್ರು.

"ಇದೇನ್ ಹಠಾ ಚಾಚಾ?" ಅಂದೆ.

"ಹಠಾ ಅಲ್ಲ ಬೇಟಿ. ನಮ್ಮ ಮನ್ಯಾಗ ನೆಲದ ಮ್ಯಾಲ ದಸ್ತರಖಾನ್ ಬಟ್ಟಿ ಹಾಸಿ ಎಲ್ಲಾರೂ ಕೂಡಿ ಊಟಕ್ಕ ಕುಂದರ್ತೇವಿ. ಎಲ್ಲಾರ ತಾಟಿಗೂ ರೊಟ್ಟಿ ಬೀಳೋತನಕ ಯಾರೂ ತುತ್ತು ಮುರಿಯಂಗಿಲ್ಲ. ನಮ್ಮಮ್ಮಿ ಕೈ ಮ್ಯಾಲ ಹೊಡೀತಿದ್ಲು." ಒಂದು ಲವಂಗ ಬಾಯಿಗೆ ಹಾಕ್ಕೊಂಡು ಮತ್ತ ಅಂದ್ರು, "ಅರ್ಧಾ ಪೇಜ್ ತನ್ನ ಭಾಷಾ, ಅರ್ಧಾ ಇಂಗ್ಲಿಷ್ ಇತ್ತಂದ್ರ, ಆ ಉಳಿದ ಅರ್ಧಾ ತನಗಲ್ಲ ಅಂತ ತಿಳೀತಾಳ ಹೆಣ್ಣುಮಗಳು. ಆ ಅರ್ಧಾದಾಗೇ ಆಕಿ ಜೀವಾ ಉಳಿಯೋ ಮಾತಿದ್ರ ಏನ್ ಮಾಡ್ತಿ?"

ವಾದಾ ಬಿಟ್ಟು ಕೆಲಸಕ್ಕ ಕುಂತೆ. ನನ್ನ ಬಾಯಿ ಮುಚ್ಚಿಸಿದವರು ಭಾಳ ಮಂದಿ ಇಲ್ಲ ಬಿಡ್ರಿ.

ಇನ್ನ ಬೆಳಗಾವಿ ಅಂದ ಮ್ಯಾಲ ಯಾವ ಭಾಷಾದ ಬಟನ್ ಮೊದಲು ಇರಬೇಕು ಅನ್ನೋ ಮಾತು ಬರದ ಇರ್ತೈತೇನು? ದವಾಖಾನಿಯ ಟ್ರಸ್ಟಿ ಒಬ್ಬರಿದ್ರು, ಅವರೇ ಕೇಳಿದ್ರು. ಚಾಚಾ ನಕ್ಕು, ಪೇಜ್ ತೆರೆದಾಗೊಮ್ಮಿ ಬಟನ್ನುಗಳ ಸಾಲು ತಾನಾಗೇ ಬದಲಾಗೋ ಹಂಗ ಮಾಡಿದ್ರು. ಒಮ್ಮಿ ಕನ್ನಡ ಮುಂದ, ಒಮ್ಮಿ ಮರಾಠಿ, ಒಮ್ಮಿ ಉರ್ದು. ಜಗಳಾ ಹುಟ್ಟೋ ಮೊದಲೇ ಸತ್ತುಹೋತು.

ಕನ್ನಡ ಸಾಲು ನನ್ನ ಪಾಲಿಗೆ, ಮರಾಠಿ ಡಾಕ್ಟರ್ ಬಾಯಾರಿಗೆ, ದಖನಿ ಚಾಚಾಗ. ಪುಸ್ತಕದ ಉರ್ದು ಬ್ಯಾಡ, ಉರ್ದು ಅಕ್ಷರದಾಗ ಮನಿ ಮಾತೇ ಇರಲಿ ಅಂತ ಅವರ ಖಡಕ್ ಮಾತು. ಬರೆದ ಪ್ರತಿ ಸಾಲನ್ನ ಜೋರಾಗಿ ಓದಬೇಕು. ನನಗ ಉರ್ದು ಅಕ್ಷರ ಬರೂದಿಲ್ಲ, ಅದಕ್ಕ ಅವರು ಹೇಳಿಕೊಟ್ಟಂಗ ನಾನು ಒಪ್ಪಿಸಬೇಕು. "ನಿನ್ನಂಥಾಕಿ ಬಾಯಾಗೂ ಸಲೀಸು ಹೊರಳಿದ್ರ ಸಾಲು ಸರಿ ಐತಿ" ಅಂತಿದ್ರು. ಕಣ್ಣು ಮುಚ್ಚಿ ಕೇಳ್ತಿದ್ರು. ಎಲ್ಲೋ ಎಡವಿದ್ರ ಎಡಗೈ ಎತ್ತಿ ಬೆರಳು ಗಾಳಿಯಾಗ ಒಂದು ಸುತ್ತು ತಿರುವ್ತಿದ್ರು. ಮತ್ತೊಮ್ಮಿ ಓದು ಅಂತ ಅರ್ಥ. ಆ ಬೆರಳಿನ ಕಾಟಕ್ಕ ನನಗ ಆ ಪೇಜಿನ ದಖನಿ ಪೂರಾ ಬಾಯಿಪಾಠ ಆತು. ಕಡೀ ಸಾಲು ಯಾವಾಗಲೂ ಒಂದೇ: "ನಕ್ಕೋ ಘಬ್ರಾವ್, ಹಮೇ ಇಧರೀಚ್ ಹೈ." ಅಂಜಬ್ಯಾಡ್ರಿ, ನಾವು ಇಲ್ಲೇ ಅದೇವಿ.

ಉದ್ಘಾಟನಾ ದಿನ ಬಂತು. ದವಾಖಾನಿ ಅಂಗಳದಾಗ ಶಾಮಿಯಾನಾ, ಹಾರ, ಮೈಕು, ದೊಡ್ಡ ಮಂದಿ. ಅವತ್ತ ಮುಂಜಾನೆ ಡಾಕ್ಟರ್ ಬಾಯಾರು ಓಡಿ ಬಂದು, "ಭಾಳ ಮುಖ್ಯದ ಸಾಲೊಂದು ಬಿಟ್ಟೇವ್ರಿ" ಅಂದ್ರು. ಹೊಟ್ಟ್ಯಾಗಿನ ಕೂಸು ಮಿಸುಕಾಡೂದು ಕಡಿಮಿ ಆದ್ರ ತಡಾ ಮಾಡಬ್ಯಾಡ್ರಿ, ಕೂಡ್ಲೆ ಬರ್ರಿ. ಕನ್ನಡ ನಾನು ಅಲ್ಲೇ ಬರೆದೆ, ಮರಾಠಿ ಬಾಯಾರು ಬರೆದ್ರು. ಚಾಚಾ ಬೆರಳು ಕೀಬೋರ್ಡಿನ ಮ್ಯಾಲ ಇಟ್ಟು ಹಂಗ ಕುಂತುಬಿಟ್ರು.

"ಇದನ್ನ ನಮ್ಮ ಹೆಂಗಸ್ರು ಹೆಂಗ ಅಂತಾರೋ ನನಗ ಗೊತ್ತಿಲ್ಲ ಬೇಟಿ. ಗಂಡಸ್ರ ಮುಂದ ಆಡೋ ಮಾತಲ್ಲ ಇದು." ಹೆಂಡತಿಗೆ, ನಮ್ಮ ಚಾಚಿಗೆ, ಫೋನ್ ಹಚ್ಚಿದ್ರು. ಆಕಿ ಮಿರಜಿಗೆ ಮದುವಿಗೆ ಹೋಗಿದ್ಲು, ಬ್ಯಾಂಡಿನ ಗದ್ದಲದಾಗ ಎತ್ತಲೇ ಇಲ್ಲ.

ಹೊಸ ಸಾಲು ಸೇರಿಸಿದ ಕೂಡ್ಲೆ ಪೇಜ್ ಬಂದ್ ಆತು. ಅವರೇ ಮಾಡಿಟ್ಟ ಬೀಗ ಅದು. ಹೊರಗ ಮೈಕಿನ್ಯಾಗ ಭಾಷಣ ಸುರು ಆಗಿತ್ತು. ಟ್ರಸ್ಟಿ ಬೆವರು ಒರಸ್ಕೋತ ಒಳಗ ಬಂದ್ರು.

"ಕನ್ನಡ, ಮರಾಠಿ ತೆರೀರಿ ಈಗ. ಉರ್ದು ನಾಳೆ ಹಾಕಿದ್ರಾತು. ಅವರೇನ್ ಓಡಿ ಹೋಗ್ತಾರೇನ್ರಿ?"

"ನಾಳೆ ಅಂದದ್ದು ನಾಳೆನೇ ಆಗಿ ಉಳೀತೈತ್ರಿ ಸಾಹೇಬ್ರ. ಹೋದ ವಾರ ಕನ್ನಡ ಸಾಲು ಬರೋದಿತ್ತು, ಆವಾಗೂ ನಾನು ತೆರೀಲಿಲ್ಲ."

"ಮಂದಿ ಮುಂದ ನನ್ನ ಮಾನಾ ಕಳೀತೀರೇನು? ಹಂಗಿದ್ರ ಈ ಕೆಲಸ ನಿಮ್ಮ ಕೈಯಾಗ ಉಳಿಯಂಗಿಲ್ಲ, ತಿಳಕೋರಿ."

ಆ ಕೆಲಸದ ಮ್ಯಾಲೇ ನಮ್ಮ ಆಫೀಸು ನಿಂತಿತ್ತು. ಚಾಚಾ ಲ್ಯಾಪ್‌ಟಾಪ್ ಬಗಲಾಗ ಹಿಡಕೊಂಡು ಎದ್ದು ನಿಂತ್ರು. "ಒಂದು ಚಹಾದ ಹೊತ್ತು ಕೊಡ್ರಿ" ಅಂತ ಅಂದವ್ರೇ ಸೀದಾ ಹೆರಿಗಿ ವಾರ್ಡಿನ ಕಡೆ ನಡದ್ರು. ಒಳಗ ಗಂಡಸ್ರು ಹೋಗಂಗಿಲ್ಲ. ಬಾಗಿಲಿಗೆ ಒಂದು ಹಸರು ಪರದಾ. ಪರದಾದ ಹೊರಗ ಪ್ಲಾಸ್ಟಿಕ್ ಕುರ್ಚಿ ಹಾಕ್ಕೊಂಡು, ಗ್ವಾಡಿ ಕಡೆ ಮುಖಾ ಮಾಡಿ, ತೊಡಿ ಮ್ಯಾಲ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಂತ್ರು. ದಖನಿ ಆಡೋ ಅಜ್ಜಿ ಯಾರರ ಅದಾರೇನ್ ನೋಡು ಅಂತ ನನ್ನನ್ನ ಒಳಗ ಕಳಿಸಿದ್ರು.

ಒಳಗ ಒಬ್ಬಾಕಿ ಮುದುಕಿ, ಮೊಮ್ಮಗಳ ಬಾಣಂತನಕ್ಕ ಬಂದಾಕಿ, ಅಡಕಿ ಕತ್ತರಿಸ್ಕೋತ ಕುಂತಿದ್ಲು. ಚಾಚಾ ಹೊರಗಿಂದ ಭಾಳ ಮರ್ಯಾದಿಲೆ ದಖನಿಯೊಳಗ ಕೇಳಿದ್ರು: ದಾದೀಮಾ, ಹೊಟ್ಟ್ಯಾಗಿನ ಕೂಸು ಮಿಸುಕಾಡೂದು ಕಡಿಮಿ ಆದ್ರ ನೀವು ಏನಂತೀರಿ? ವಾರ್ಡಿನ್ಯಾಗ ಕಿಸಿಕಿಸಿ ನಗಿ ಎದ್ದಿತು. ಪರದಾದ ಆಚೆ ಒಬ್ಬ ಗಡ್ಡದ ಮನಷ್ಯಾ ಕುಂತು ಇಂಥಾ ಮಾತು ಕೇಳೂದು ಅಂದ್ರ! ಒಬ್ಬಾಕಿ ಸೆರಗು ಬಾಯಿಗೆ ತುರುಕಿಕೊಂಡ್ಲು. ಮುದುಕಿ ಮಾತ್ರ ನಗಲಿಲ್ಲ.

"ಬಚ್ಚಾ ಚುಪ್ ಹೋಗಯಾ ಬೋಲ್ತೆ. ಔರ್ ಕ್ಯಾ?"

ಕೂಸು ಸುಮ್ಮನಾಗೇತಿ ಅಂತೇವಿ, ಮತ್ತೇನು. ಅಷ್ಟ. ನಗಿ ಒಮ್ಮಿಗೇ ನಿಂತಿತು. ಬಾಜೂ ಖಾಟಿನ ಬಸುರಿ ತನ್ನ ಹೊಟ್ಟಿ ಮ್ಯಾಲ ಕೈ ಇಟ್ಟುಕೊಂಡ್ಲು. ಹೊರಗಿಂದ ಚಾಚಾನ ಕೀಬೋರ್ಡಿನ ಸಪ್ಪಳ ಕೇಳಿಸ್ತು. ಪೇಜ್ ತೆರೀತು. ಮೂರೂ ಭಾಷಾದಾಗ, ಒಂದೇ ಹೊತ್ತಿಗೆ. ಅಂಗಳದಾಗ ಚಪ್ಪಾಳಿ ಬಿದ್ದವು, ಟ್ರಸ್ಟಿ ಹಾರ ಹಾಕ್ಕೊಂಡು ನಿಂತು ಎಲ್ಲಾ ತಾವೇ ಮಾಡಿದಂಗ ಭಾಷಣ ಬಿಗದ್ರು. ಚಾಚಾ ಹಿಂದಿನ ಸಾಲಿನ್ಯಾಗ ಕುಂತು ಪೇಢೆ ತಿಂತಿದ್ರು. ಕೆಲಸ ನಮ್ಮ ಕೈಯಾಗೇ ಉಳೀತು.

ಮಳಿಗಾಲದಾಗ ಒಂದು ದಿನ, ನಂದಗಡದಾಗ ನಮ್ಮ ಮನಿ ಹಿಂದಿನ ಓಣಿಯ ಸೊಸಿ ಒಬ್ಬಾಕಿ ಆ ಸಾಲು ಓದಿ, ಅತ್ತಿ ಬ್ಯಾಡಂದ್ರೂ ಕೇಳದ ರಿಕ್ಷಾ ಹತ್ತಿ ಖಾನಾಪುರಕ್ಕ ಬಂದ್ಲು. ಡಾಕ್ಟರ್ ಬಾಯಾರು ತಡಾ ಮಾಡಲಿಲ್ಲ. ತಾಯಿ, ಕೂಸು ಇಬ್ಬರೂ ಉಳಿದ್ರು. ಬಾಯಾರು ಫೋನ್ ಮಾಡಿ ಹೇಳಿದಾಗ ಚಾಚಾ ಡಬ್ಬಿ ತೆಗೆದು ತಾವೊಂದು ಲವಂಗ ಹಾಕ್ಕೊಂಡು ನನಗೂ ಒಂದು ಕೊಟ್ರು. ಅವತ್ತ ಅವರ ಬಗ್ಗೆ ನನಗ ಆದ ಅಭಿಮಾನ ಎಷ್ಟಿತ್ತಂದ್ರ, ಖಾರ ಹತ್ತಿ ಕಣ್ಣಾಗ ನೀರು ಬಂತು ಅಂತ ಸುಳ್ಳು ಹೇಳಬೇಕಾತು.

ಆಮ್ಯಾಲ ಬ್ಯಾರೆ ಬ್ಯಾರೆ ಕೆಲಸ ಬಂದವು, ಹೋದವು... ಕೆಲವು ವರ್ಷ ಕಳೆದು ಒಂದು ಮುಂಜಾನೆ ಚಾಚಾ ಆಫೀಸಿನ್ಯಾಗೇ ಕುಸದು ಬಿದ್ರು. ಲಕ್ವಾ. ನೆಹರು ನಗರದ ದವಾಖಾನಿಗೆ ಸೇರಿಸಿದ್ವಿ. ಬಲಗೈ, ಬಲಗಾಲು ಬಿದ್ದು ಹೋಗಿದ್ದವು. ನಾನು ಖಾಟಿನ ಬಾಜೂಕ ಕುಂತು, "ಚಾಚಾ, ಹೆಂಗ ಅದೀರಿ?" ಅಂದೆ. ಅವರು ನನ್ನ ಬಾಯಿನೇ ನೋಡಿದ್ರು, ಯಾರೋ ಪರದೇಶಿ ಬಂದು ಮಾತಾಡ್ಸಿದಂಗ. ಚಾಚಿ ನನ್ನ ಹೆಗಲ ಮ್ಯಾಲ ಕೈ ಇಟ್ಟು ಹೇಳಿದ್ಲು: "ಕನ್ನಡ, ಮರಾಠಿ, ಇಂಗ್ಲಿಷ್ ಯಾವುದೂ ತಲಿಗೆ ಹತ್ತವಲ್ದು ಬೇಟಿ. ಮನಿ ಮಾತು ಅಷ್ಟ ತಿಳೀತೈತಿ. ಅದನ್ನೂ ಕೇಳ್ತಾರ, ಆಡೂದಿಲ್ಲ."

ನಾಕು ಭಾಷಾದ ಮನಷ್ಯಾ. ಅವರಿಗೆ ಏನರ ಹೇಳಬೇಕು, ಹೇಳಾಕ ನನ್ನ ಹತ್ರ ಮಾತಿಲ್ಲ. ಸಾಲ್ಯಾಗ ಕಲಿತ ಹಿಂದಿ ಆಡಿ ನೋಡಿದೆ, ಮುಖದಾಗ ಏನೂ ಹೊಳೀಲಿಲ್ಲ. ನನಗ ಗೊತ್ತಿದ್ದ ದಖನಿ ಅಂದ್ರ ಆ ಪೇಜ್ ಒಂದೇ.

"ನಕ್ಕೋ ಘಬ್ರಾವ್ ಚಾಚಾ" ಅಂದೆ. "ಹಮೇ ಇಧರೀಚ್ ಹೈ."

ಅವರ ಕಣ್ಣು ನನ್ನ ಕಡೆ ಹೊರಳಿದವು. ಹೊದಿಕಿ ಮ್ಯಾಲಿದ್ದ ಎಡಗೈ ಮೆಲ್ಲಕ ಎದ್ದಿತು. ಬೆರಳು ಗಾಳಿಯಾಗ ಒಂದು ಸುತ್ತು ತಿರುಗ್ತು.

ಮತ್ತೊಮ್ಮಿ ಓದು.

ಓದಿದೆ. ಮೊದಲಿನಿಂದ ಪೂರಾ ಪೇಜ್ ಒಪ್ಪಿಸಿದೆ. ಚಕ್ಕರ್ ಬಂದ್ರ ಕುಂದ್ರಬೇಕು, ಕಾಲು ಬಾತ್ರ ತೋರಸಬೇಕು, ಭಾರ ಎತ್ತಬಾರದು, ಐದನೇ ತಿಂಗಳಾಗ ಏನು, ಏಳನೇ ತಿಂಗಳಾಗ ಏನು... ಬಸುರಿ ಹೆಣ್ಣುಮಕ್ಕಳ ಸಲುವಾಗಿ ಬರೆದ ಉಪದೇಶಾನೆಲ್ಲಾ ಆ ಗಡ್ಡದ ಮುದುಕಗ ಕಣ್ಣೀರು ಒರಸ್ಕೋತ ಹೇಳಿದೆ. ಚಾಚಿ ಮೊದಲು ದಂಗಾದ್ಲು, ಆಮ್ಯಾಲ ನಕ್ಕು ನಕ್ಕು ಅತ್ತಳು. ಚಾಚಾನ ಅರ್ಧಾ ಮುಖಾ ಅಷ್ಟ ನಗಾಕ ಬರ್ತಿತ್ತು, ಆ ಅರ್ಧಾ ಮುಖದಾಗ ಪೂರಾ ನಕ್ರು. ಅದಾದ ಮ್ಯಾಲ ದಿನಾ ಹೋಗ್ತಿದ್ದೆ, ದಿನಾ ಬೆರಳು ತಿರುಗ್ತಿತ್ತು, ದಿನಾ ಒಪ್ಪಿಸ್ತಿದ್ದೆ. ಒಂದು ದಿನ ಬೆರಳು ಏಳಲಿಲ್ಲ...

ಈಗ ಆ ಎರಡು ಖೋಲಿ ಆಫೀಸು ನಾನೇ ನಡಸ್ತೇನಿ. ಅವರ ಡಬ್ಬಿ ಚಾಚಿ ಹತ್ರ ಐತಿ, ನಾನು ಕೇಳಲಿಲ್ಲ. ಹೋದ ತಿಂಗಳು ಡಾಕ್ಟರ್ ಬಾಯಾರು ಮತ್ತೊಂದು ಕೆಲಸ ಹಚ್ಚ್ಯಾರ: ಖಾನಾಪುರದ ಅಡವಿ ಕಡೆ ಹಳ್ಳಿಗಳ ಸಲುವಾಗಿ ಒಂದು ಹೊಸಾ ಪೇಜ್, ಕೊಂಕಣಿನೂ ಸೇರಿಸಿ. ನಾಲ್ಕನೇ ಫೋಲ್ಡರ್ ಮಾಡೇನಿ. ಉಳಿದ ಮೂರೂ ತಯಾರ್ ಅದಾವು, ಕೊಂಕಣಿಯೊಳಗ ಒಂದು ಸಾಲು ಬರೋದೈತಿ, ಅದಕ್ಕ ಪೇಜ್ ಬಂದ್ ಐತಿ. ಅದೇ ಟ್ರಸ್ಟಿ, ಈಗ ಕೋಲು ಹಿಡಕೊಂಡು ಅಡ್ಡಾಡ್ತಾರ, ಫೋನ್ ಮಾಡಿ, "ಮೂರು ತೆರಿಯವ್ವಾ, ನಾಲ್ಕನೇದು ನಾಳೆ ನೋಡೂಣು" ಅಂದ್ರು. ಹಲ್ಲು ಬ್ಯಾನಿ ಅಂತ ಹೇಳಿ ಫೋನ್ ಇಟ್ಟೆ.

ನಾಳೆ ಖಾನಾಪುರಕ್ಕ ಹೊಂಟೇನಿ. ವಾರ್ಡಿನ್ಯಾಗ ಯಾರಾದ್ರೂ ಕೊಂಕಣಿ ಮಾತಾಡೋ ಅಜ್ಜಿ ಸಿಕ್ಕೇ ಸಿಗ್ತಾಳ, ಬಾಜೂಕ ಕುಂತು ಕೇಳ್ತೇನಿ. ಹಸರು ಪರದಾ ಈಗೂ ಅದೇ ಐತಿ. ಅದರ ಹೊರಗ ಗ್ವಾಡಿ ಕಡೆ ಮುಖಾ ಮಾಡಿ ಕುಂದ್ರೋ ಮನಷ್ಯಾ ಮಾತ್ರ ಇಲ್ಲ.